ಬಾಕಿ ಇಲ್ಲದವಳು

ಒಂದಾನೊಂದು ಊರಿನಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಮಾನ ಅವಳ ಹತ್ತಿರ ಇರಲಿಲ್ಲ. ಅದು ಒಂದು ಅಂಕಿಯೊಳಗಿತ್ತು. ಆ ಅಂಕಿ ಒಂದು ಯಂತ್ರದೊಳಗಿತ್ತು. ಆ ಯಂತ್ರ ಏಳು ಕಾಡು, ಏಳು ಹೊಳೆ ದಾಟಿದ ಮೇಲೆ ಸಿಗುವ ಯಾವುದೋ ಕಟ್ಟಡದ ತಣ್ಣನೆಯ ಕೋಣೆಯಲ್ಲಿತ್ತು. ಅದನ್ನು ಕಂಡವರಿಲ್ಲ, ಮುಟ್ಟಿದವರಿಲ್ಲ. ಹುಡುಗಿ ಅತ್ತರೆ ಅಂಕಿ ಅಲ್ಲಾಡುತ್ತಿರಲಿಲ್ಲ. ಅಂಕಿ ಅಲ್ಲಾಡಿದರೆ ಮಾತ್ರ ಹುಡುಗಿ ಅಳುತ್ತಿದ್ದಳು. ಅದು ಏಳುನೂರು ಮುಟ್ಟಿದ ದಿನ ನಿನ್ನ ಕೋಣೆ ನಿನಗೆ ಬಿಟ್ಟುಕೊಟ್ಟು ನನ್ನ ದಾರಿ ಹಿಡಿಯುತ್ತೇನೆ ಎಂದು ಅವಳು ಒಬ್ಬರಿಗೆ ಮಾತು ಕೊಟ್ಟಿದ್ದಳು.

ಆ ಒಬ್ಬರು ಈಗ ಸ್ನಾನದ ಮನೆಯ ಬಾಗಿಲು ಬಡಿಯುತ್ತಿದ್ದರು.

"ಚಿಕ್ಕಮ್ಮಾ, ಸೋಪಿನ ಜೊತೆ ನೀನೂ ಕರಗಿಹೋದ್ಯಾ?"

ಹುಡುಗಿ ಎನ್ನುವುದು ಕಥೆಯ ಮಾತು. ಅವಳಿಗೆ ಮೂವತ್ತಾರು ತುಂಬಿತ್ತು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದ್ದಳು. ನಲ್ಲಿಯನ್ನು ಸುಮ್ಮನೆ ತಿರುಗಿಸಿಟ್ಟು, ಒಣಗಿದ ಮೈಯಲ್ಲಿ, ಕಮೋಡಿನ ಮುಚ್ಚಳದ ಮೇಲೆ ಕೂತು ಫೋನು ನೋಡುತ್ತಿದ್ದಳು. ಪರದೆಯ ಮೇಲೆ ಅರ್ಧಚಂದ್ರದಂಥ ಒಂದು ಮಾಪಕ, ಕೆಂಪಿನಿಂದ ಹಸಿರಿಗೆ. ಅದರ ಮುಳ್ಳು ಹಳದಿಯ ಅಂಚಿನಲ್ಲಿ ನಿಂತಿತ್ತು. ಆರುನೂರ ತೊಂಬತ್ತೇಳು. ಕೆಳಗೆ ಸಣ್ಣ ಅಕ್ಷರದಲ್ಲಿ: ನಿಮ್ಮ ಹೊಸ ಕ್ರೆಡಿಟ್ ಅಂಕ ಇಂದು ಬರಲಿದೆ.

ಬಾಗಿಲು ತೆರೆದಳು. ಅಕ್ಕನ ಮಗಳು ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತಿದ್ದಳು. ಹದಿನೈದರ ಪೋರಿ, ದೃಷ್ಟಿ ಮಾತ್ರ ಆಸ್ತಿ ಜಪ್ತಿಗೆ ಬಂದವರದು.

"ಎಷ್ಟಾಯ್ತು?"

"ಆರುನೂರ ತೊಂಬತ್ತೇಳು."

"ಮೂರು ಮಾರ್ಕ್ಸಿಗೆ ಫೇಲಾ? ಗ್ರೇಸ್ ಕೊಡಲ್ವಾ ಅವರು?"

"ಇವತ್ತು ಹೊಸದು ಬರುತ್ತೆ."

"ಹೋದ ತಿಂಗಳೂ ಹೀಗೇ ಹೇಳಿದ್ಯಲ್ಲ," ಎಂದು ಪೋರಿ ಒಳಹೊಕ್ಕು ಚಿಲಕ ಹಾಕಿಕೊಂಡಳು. ಒಳಗಿನಿಂದ ಮತ್ತೆ ದನಿ ಬಂತು. "ಮೈ ಒದ್ದೆನೇ ಆಗಿಲ್ಲ ನಿಂದು. ನೋಡ್ದೆ ನಾನು."

ಅವಳು ಕೋಣೆಗೆ ಬಂದಳು. ಅದು ಅಕ್ಕನ ಮಗಳ ಕೋಣೆ. ಹುಡುಗಿ ಪಡಸಾಲೆಯ ಸೋಫಾದ ಮೇಲೆ ಮಲಗಲು ಶುರುಮಾಡಿ ಮೂರು ವರ್ಷವಾಗಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಸಾಲದಲ್ಲಿ ಮುಳುಗಿದವರಿಗೆ ಎಲ್ಲರೂ ಹೇಳುತ್ತಾರೆ. ಅವಳಿಗೂ ಹೇಳಿದ್ದರು. ಅವಳು ಮಲಗುತ್ತಿದ್ದದ್ದು ಹುಡುಗಿಗೆ ಆರು ವರ್ಷವಿದ್ದಾಗ ಮಾಡಿಸಿದ ಮಂಚ. ಎಷ್ಟು ಮಡಚಿದರೂ ಪಾದ ಹೊರಗೇ ಇರುತ್ತಿತ್ತು. ಗಾದೆ ಕಟ್ಟಿದವರು ಹಾಸಿಗೆ ಯಾರದು ಎಂದು ಕೇಳಿದವರಲ್ಲ.

ಅಡಿಗೆಮನೆಯಲ್ಲಿ ಅಕ್ಕ ಬ್ರೆಡ್ಡು ಸುಡುತ್ತಿದ್ದಳು. ಭಾವ ಪತ್ರಿಕೆಯ ಹಿಂದಿದ್ದರು. ಭಾವ ಒಳ್ಳೆಯ ಮನುಷ್ಯ. ಈ ಮೂರು ವರ್ಷದಲ್ಲಿ ಒಂದು ದಿನವೂ ದುಡ್ಡಿನ ಮಾತೆತ್ತಿದವರಲ್ಲ. ಅವಳು ಎದುರಿಗೆ ಬಂದ ಕೂಡಲೇ ಪತ್ರಿಕೆಯ ವಾಣಿಜ್ಯ ಪುಟವನ್ನು ತಿರುವಿ ಕ್ರೀಡಾಪುಟಕ್ಕೆ ಹೋಗುತ್ತಿದ್ದರು, ಮನೆಯಲ್ಲಿ ಕುಂಟರಿದ್ದಾಗ ನಡಿಗೆಯ ಮಾತು ಬಿಡುವಂತೆ.

"ಇವತ್ತು ಆಫೀಸಿಲ್ವಾ?" ಎಂದರು ಕ್ರಿಕೆಟ್ಟಿನಿಂದ ಕಣ್ಣೆತ್ತದೆ.

"ರಜ ಹಾಕಿದೀನಿ. ಮನೆ ನೋಡೋಕೆ ಹೋಗ್ಬೇಕು."

ಅಕ್ಕ ಚಾಕುವನ್ನು ಬೆಣ್ಣೆಯಲ್ಲೇ ನೆಟ್ಟಳು. "ನಿನ್ನನ್ನ ಯಾರೇ ಹೋಗು ಅಂದವರು? ಒಡಹುಟ್ಟಿದವಳ ಮನೆ ಇದು. ಇರೋವಷ್ಟು ದಿನ ಇರು."

"ಮಾತು ಕೊಟ್ಟಿದ್ದೀನಲ್ಲಕ್ಕ."

"ಆ ಪಿಳ್ಳೆಗೆ ಕೊಟ್ಟ ಮಾತೂ ಒಂದು ಮಾತಾ! ಇರು ಅಂದ್ನಲ್ಲ." ಅಕ್ಕ ಬ್ರೆಡ್ಡಿನ ಮೂಲೆಮೂಲೆಗೂ ಬೆಣ್ಣೆ ಹಚ್ಚಿ ತಂಗಿಯ ಮುಂದಿಟ್ಟಳು. ಆಮೇಲೆ, "ಹೋಗೋದೇ ಆದ್ರೆ ಭಾನುವಾರದೊಳಗೆ ಹೇಳ್ಬಿಡು. ಪೇಂಟಿನವನಿಗೆ ಬಾ ಅಂದಿದೀನಿ," ಎಂದಳು.

ಅವಳು ತಿಂದು ಎದ್ದು, ತಟ್ಟೆ ತೊಳೆದಿಟ್ಟು, ಪರ್ಸಿನಿಂದ ಕೆಲವು ನಾಣ್ಯ ತೆಗೆದು ಜಾಮಿನ ಬಾಟಲಿಯ ಪಕ್ಕ ಇಟ್ಟಳು. ನಿನ್ನೆ ಬಾಟಲಿಯನ್ನು ಮುಗಿಸಿದ್ದು ಅವಳೇ.

ಅಕ್ಕ ನಾಣ್ಯಗಳನ್ನು ನೋಡಿದಳು. ಅವಳ ಮುಖ ಚಿಕ್ಕಂದಿನಲ್ಲಿ ಜಡೆ ಎಳೆದಾಗ ಆಗುತ್ತಿದ್ದಂತೆ ಆಯಿತು.

"ಜಾಮಿಗೂ ಲೆಕ್ಕ ಇಡ್ತೀಯೇನೇ? ನಾಳೆ ನಾನು ಸತ್ರೆ ಹೂವಿನ ದುಡ್ಡು ಎಲ್ಲಿಡ್ತೀಯ, ತಲೆದೆಸೆಗೋ ಕಾಲದೆಸೆಗೋ?"

"ಹಾಗಲ್ಲಕ್ಕ..."

"ಹೋಗೇ."

ಪತ್ರಿಕೆಯ ಹಿಂದಿನಿಂದ ಭಾವ ಕೆಮ್ಮಿದರು. ಯಾರ ಪರವಾಗಿ ಎಂದು ತಿಳಿಯಲಿಲ್ಲ.

ಅವಳ ಕೆಲಸ ಶಾಲೆಯ ಪಠ್ಯಪುಸ್ತಕದ ಕಂಪನಿಯಲ್ಲಿ. ಪಾಠ ಬರೆಯುವವರು ಬೇರೆ. ಪಾಠದ ಕೊನೆಗೆ ಪ್ರಶ್ನೆ ಬರೆಯುವವಳು ಅವಳು. ಬಿಟ್ಟ ಸ್ಥಳ ತುಂಬಿರಿ, ಹೊಂದಿಸಿ ಬರೆಯಿರಿ, ಈ ಮಾತನ್ನು ಯಾರು ಯಾರಿಗೆ ಹೇಳಿದರು. ದಿನಕ್ಕಿಷ್ಟು ಪ್ರಶ್ನೆ ಬರೆದು ಬರೆದು ಅವಳಿಗೆ ಬಸ್ಸಿನಲ್ಲಿ ಕೂತರೂ ಅದೇ. 'ಹೋಗೇ' – ಈ ಮಾತನ್ನು ಯಾರು ಯಾರಿಗೆ ಹೇಳಿದರು? ಸಂದರ್ಭದೊಡನೆ ವಿವರಿಸಿ. ಅವಳ ಸಂಬಳಕ್ಕೆ ಉತ್ತರ ಬರೆಯುವ ಜವಾಬ್ದಾರಿ ಸೇರಿರಲಿಲ್ಲ.

ಇದಕ್ಕೆ ಮೊದಲು ಅವಳು ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಳು. ಬ್ಯಾಂಕಿನ ಸಾಲ ತೆಗೆದು ಗೋಡೆಗಳ ತುಂಬ ಕಪಾಟು ಹೊಡೆಸಿದ್ದಳು. ಠೇವಣಿ ಬೇಡ, ದಂಡ ಬೇಡ, ಓದಿ ತಂದುಕೊಟ್ಟರೆ ಸಾಕು ಎಂದು ಬಾಗಿಲ ಮೇಲೆ ಬರೆಸಿದ್ದಳು. ಓದುವವರು ನಂಬಿಕೆಯ ಜನ ಎಂಬುದು ಅವಳ ತತ್ವಶಾಸ್ತ್ರ. ಜನ ಬಂದರು, ಪುಸ್ತಕ ಎದೆಗವಚಿಕೊಂಡು ಹೋದರು, ಹೋದವರು ಹೋದರು. ದಾರಿಯಲ್ಲಿ ಸಿಕ್ಕರೆ ಅವರು ಅಡ್ಡರಸ್ತೆ ಹಿಡಿಯುತ್ತಿದ್ದರು. ಕೆಲವು ಸಲ ಅವಳೇ ಹಿಡಿಯುತ್ತಿದ್ದಳು, ಅವರಿಗೆ ಮುಜುಗರವಾಗದಿರಲಿ ಎಂದು. ಬ್ಯಾಂಕಿಗೆ ಆ ಮುಜುಗರ ಇರಲಿಲ್ಲ. ಬ್ಯಾಂಕಿನ ಕಂತಿಗೆ ಒಂದು ಕಾರ್ಡು ಉಜ್ಜಿದಳು, ಆ ಕಾರ್ಡಿಗೆ ಇನ್ನೊಂದು ಕಾರ್ಡು, ಅದಕ್ಕೆ ಗೆಳತಿಯರ ಕೈಗಡ. ಇವರ ಟೋಪಿ ಅವರಿಗೆ, ಅವರ ಟೋಪಿ ಇವರಿಗೆ. ಕೊನೆಗೆ ಟೋಪಿಯೆಲ್ಲ ಹೋಗಿ ತಲೆಯೊಂದೇ ಉಳಿಯಿತು. ಕಪಾಟು ಮಾರಿದಳು. ಅಂಕ ಐನೂರರ ಆಸುಪಾಸಿಗೆ ಬಿತ್ತು. ಅಕ್ಕನ ಮನೆಗೆ ಬಂದು, ಸಂಬಳದ ಬಹುಪಾಲನ್ನು ಒಂದು ವರ್ಷ ಅವರಿವರಿಗೆ ಸುರಿದು, ಕಟ್ಟಕಡೆಯ ಪೈಸೆಯವರೆಗೂ ತೀರಿಸಿದಳು.

ತೀರಿಸಿದ ಮೇಲೂ ಅಂಕ ಏಳಲಿಲ್ಲ. ಮನೆ ಬಾಡಿಗೆಗೆ ಕೇಳಲು ಹೋದಲ್ಲೆಲ್ಲ ಮೊದಲು ಅಂಕ ಕೇಳುತ್ತಿದ್ದರು. ಏಳುನೂರಕ್ಕೆ ಕಡಿಮೆಯಿದ್ದರೆ ಬಾಗಿಲೊಳಗಿನಿಂದಲೇ ಮಾತು.

ಅದಕ್ಕೇ ಡಾಕ್ಟರು.

ಅವನು ಡಾಕ್ಟರಲ್ಲ, ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ. ಗುರುತುಚೀಟಿಯನ್ನು ಸ್ಟೆತಸ್ಕೋಪಿನಂತೆ ಕತ್ತಿಗೆ ಹಾಕಿಕೊಂಡು, ಬಂದವರ ಮುಖ ನೋಡದೆ ಕಂಪ್ಯೂಟರಿನಲ್ಲಿ ಅವರ ರಕ್ತ ನೋಡುತ್ತಿದ್ದ. ಅವಳು ಮನಸ್ಸಿನಲ್ಲೇ ಇಟ್ಟ ಹೆಸರು ಅದು. ಅವಳಿಗೆ ಒಂದು ಕಾರ್ಡು ಕೊಡಿಸಿದವನೂ ಅವನೇ. ಅವಳದೇ ಹಣವನ್ನು ಬ್ಯಾಂಕಿನಲ್ಲಿ ಅಡವಿಡಬೇಕು, ಅದರ ಮೇಲೆ ಬ್ಯಾಂಕು ಅವಳಿಗೆ ಸಾಲ ಕೊಡುತ್ತದೆ, ಅವಳು ತೀರಿಸಬೇಕು. ಅಂದರೆ ತನ್ನ ಹಣವನ್ನು ತಾನೇ ಸಾಲ ಪಡೆದು ತನಗೇ ತೀರಿಸುವುದು. ನಡುವೆ ಬ್ಯಾಂಕು ಕೂತು ಶಹಬ್ಬಾಸ್ ಎನ್ನುವುದು. ಒಂದು ವರ್ಷ ಹಾಗೆ ನಡೆಸಿದರೂ ಶಹಬ್ಬಾಸ್ ಬರಲಿಲ್ಲ. ಈ ವರ್ಷದ ಮೊದಲಲ್ಲಿ ಅವಳು ಜಗಳಕ್ಕೇ ಹೋಗಿದ್ದಳು.

"ಕಾರ್ಡಲ್ಲಿ ಏನಾದ್ರೂ ತಗೊಂಡ್ರೆ ಯಾವಾಗ ಕಟ್ತೀರಿ ಮೇಡಂ?" ಎಂದು ಕೇಳಿದ್ದ ಡಾಕ್ಟರು.

"ಅವತ್ತೇ ಸಂಜೆ."

"ಬಿಲ್ ಬರೋಕೆ ಮುಂಚೆನೇ?"

"ಹೌದು," ಎಂದಿದ್ದಳು, ಬಹುಮಾನಕ್ಕೆ ಕೈಚಾಚಿದವಳಂತೆ.

ಡಾಕ್ಟರು ಕನ್ನಡಕ ತೆಗೆದ. "ಯಾಕೆ?"

"ಬಾಕಿ ಇಟ್ಕೊಂಡು ನಿದ್ದೆ ಹೇಗೆ ಬರುತ್ತೆ?"

"ನೋಡಿ. ಬಿಲ್ಲಿನ ದಿನ ಯಂತ್ರ ನಿಮ್ಮನೆಗೆ ಬಂದು ಇಣುಕುತ್ತೆ ಅಂತಿಟ್ಕೊಳ್ಳಿ. ಅಲ್ಲಿ ಬಾಕಿ ಇಲ್ಲ. ಬಾಕಿ ಇಲ್ಲ ಅಂದ್ಮೇಲೆ ಬಿಲ್ಲೂ ಇಲ್ಲ, ಬಿಲ್ ಕಟ್ಟಿದ ದಾಖಲೆನೂ ಇಲ್ಲ. ಮನೇಲಿ ಯಾರೂ ಇಲ್ಲ ಅಂತ ಬರ್ಕೊಂಡು ಹೋಗುತ್ತೆ. ಒಂದು ವರ್ಷದಿಂದ ನೀವು ಮನೇಲೇ ಇಲ್ಲ ಮೇಡಂ."

"ನಾನು ಸಾಲ ಇಟ್ಕೊಂಡಿಲ್ಲ ಅನ್ನೋದು ತಪ್ಪಾ?"

"ಸತ್ತವರೂ ಇಟ್ಕೊಂಡಿರಲ್ಲ. ಹಾಗಂತ ಅವರಿಗೆ ಯಾರಾದ್ರೂ ಬಾಡಿಗೆಗೆ ಮನೆ ಕೊಡ್ತಾರಾ?" ಎಂದು ಚೀಟಿ ಬರೆದುಕೊಟ್ಟಿದ್ದ. ತಿಂಗಳಿಗೊಂದು ಸಣ್ಣ ವಸ್ತು ಕೊಳ್ಳುವುದು. ಬಿಲ್ಲು ಬರುವತನಕ ಬಾಕಿಯನ್ನು ಮುಟ್ಟಬಾರದು. ಬಂದ ಮೇಲೆ, ಗಡುವಿನೊಳಗೆ, ಪೂರ್ತಿ ಕಟ್ಟುವುದು. "ಸ್ವಲ್ಪ ಋಣ ಇರಲಿ ಮೇಡಂ. ರಕ್ತದಲ್ಲಿ ಸಕ್ಕರೆ ಇದ್ದಂಗೆ. ಜಾಸ್ತಿಯಾದ್ರೂ ಕಷ್ಟ, ಪೂರ್ತಿ ಇಳಿದ್ರೂ ಕಷ್ಟ."

ಮೊದಲ ತಿಂಗಳು ಅಂಗಡಿಯಲ್ಲಿ ತನಗೆ ಬೇಕಾದದ್ದು ಏನು ಎಂದು ಅವಳಿಗೆ ಹೊಳೆಯಲೇ ಇಲ್ಲ. ಒಂದು ಇಸ್ತ್ರಿಪೆಟ್ಟಿಗೆ ತಂದಳು. ಬಿಲ್ಲು ಬರುವವರೆಗೆ ಅದು ಮನೆಯಲ್ಲಿ ಕದ್ದ ಮಾಲಿನಂತೆ ಕೂತಿತ್ತು. ಅಂಗಡಿಗೆ ಹಣ ಅಂದೇ ಸಂದಾಯವಾಗಿದ್ದರೂ ಆ ಅಂಗಡಿಯ ಮುಂದೆ ಹಾಯಲು ಮುಖವಿಲ್ಲದೆ ಸುತ್ತುಬಳಸಿ ಹೋಗುತ್ತಿದ್ದಳು. ತೀರಿಸದ ಪೆಟ್ಟಿಗೆಯಿಂದ ಕೆಲಸವನ್ನಾದರೂ ತೆಗೆಯಬೇಕಲ್ಲ ಎಂದು ಮನೆಯವರೆಲ್ಲರ ಬಟ್ಟೆಗೂ ಇಸ್ತ್ರಿ ಹಾಕಿದಳು. ಬಟ್ಟೆ ಮುಗಿದ ಮೇಲೆ ಕರವಸ್ತ್ರ, ಕಾಲುಚೀಲ, ಒರೆಸುವ ಬಟ್ಟೆ. "ಟವೆಲ್ಲು ತಾನಾಗೇ ನಿಂತ್ಕೊಳ್ತಿದೆ ಕಣೇ, ಮುಖ ಒರೆಸಿದ್ರೆ ತರಚುತ್ತೆ," ಎಂದು ಅಕ್ಕ ಕೂಗಿದ್ದಳು.

ಆದರೆ ಮುಳ್ಳು ಏರಿತು. ಆಮೇಲೆ ಛತ್ರಿ, ಬಕೆಟ್ಟು, ಗಡಿಯಾರ. ಕೋಣೆಯ ತುಂಬ ತನಗೆ ಬೇಡದ ವಸ್ತುಗಳು, ಬೇಕಾದ ಸಾಲಗಳು.

ಇವತ್ತು ಮನೆ ನೋಡುವ ಮೊದಲು ಅವಳು ಬ್ಯಾಂಕಿಗೆ ಬಂದಾಗ ಡಾಕ್ಟರ ಮುಂದಿನ ಕುರ್ಚಿಯಲ್ಲಿ ಒಬ್ಬ ಮುದುಕ ಕೂತಿದ್ದ. ಅವನ ಸರದಿ ಮುಗಿಯುವತನಕ ಅವಳು ಗಾಜಿನ ಆಚೆ ನಿಂತಳು. ಮುದುಕ ಎದ್ದು ಹೋಗುವಾಗ ಅವಳತ್ತ ನೋಡಿ, "ನಿಂದೆಷ್ಟಮ್ಮ?" ಎಂದ. ಅವಳು ಹೇಳಿದಳು. "ಪುಣ್ಯವಂತೆ," ಎಂದು ಹೋದ.

"ಬನ್ನಿ ಬನ್ನಿ," ಎಂದ ಡಾಕ್ಟರು. ಕೀಲಿಮಣೆ ಕುಟ್ಟಿದ. ಪರದೆಗೆ ಮೂಗು ತಾಗಿಸಿದ.

"ಏಳುನೂರ ನಾಲ್ಕು."

"ಏನಂದ್ರಿ?"

"ಏಳು, ಸೊನ್ನೆ, ನಾಲ್ಕು. ಬೇಕಿದ್ರೆ ನೀವೇ ನೋಡಿ. ವಾಸಿಯಾಯ್ತು ಮೇಡಂ."

ನೋಡಿದಳು. ಮುಳ್ಳು ಹಸಿರಿಗೆ ಕಾಲಿಟ್ಟಿತ್ತು, ನೀರಿಗಿಳಿಯಲು ಅಂಜುವ ಮಗುವಿನಂತೆ, ಹೆಬ್ಬೆರಳಷ್ಟೇ.

ಮೂರು ವರ್ಷ ಈ ಗಳಿಗೆಯನ್ನು ಅವಳು ಬಗೆಬಗೆಯಾಗಿ ಕಟ್ಟಿಕೊಂಡಿದ್ದಳು. ಒಂದರಲ್ಲಿ ಅಳುತ್ತಿದ್ದಳು. ಒಂದರಲ್ಲಿ ಬ್ಯಾಂಕಿನ ಕಾವಲುಗಾರನನ್ನು ತಬ್ಬಿಕೊಳ್ಳುತ್ತಿದ್ದಳು. ಈಗ ಹೊಟ್ಟೆಯೊಳಗೆ ಕೈಹಾಕಿ ಹುಡುಕಿದಂತೆ ಹುಡುಕಿದಳು. ಬ್ರೆಡ್ಡು ಬಿಟ್ಟರೆ ಬೇರೇನೂ ಸಿಗಲಿಲ್ಲ.

"ಖುಷಿಯಾಗ್ಲಿಲ್ವಾ?" ಎಂದ ಡಾಕ್ಟರು, ಮೊದಲ ಸಲ ಮುಖ ನೋಡಿ.

"ಆಯ್ತು. ಆಗ್ತಾ ಇದೆ."

"ಪಥ್ಯ ಮಾತ್ರ ಬಿಡ್ಬೇಡಿ. ಯಾವಾಗ್ಲೂ ಒಂಚೂರು ಬಾಕಿ ಇಟ್ಕೊಂಡಿರಿ. ಈ ತಿಂಗಳ ಬಿಲ್ಲಿಗೆ ಇವತ್ತೇ ಕಡೆ ದಿನ, ಮರೀಬೇಡಿ."

ಮೆಟ್ಟಿಲ ಮೇಲೆ ನಿಂತು ಯಾರಿಗಾದರೂ ಹೇಳೋಣವೆಂದು ಫೋನು ತೆರೆದಳು. ಗೆಳತಿಯರ ಹೆಸರುಗಳು ಒಂದೊಂದಾಗಿ ಬೆರಳಿನಡಿ ಸರಿದವು. ಕೈಗಡ ಇದ್ದಾಗ ಅವರೆಲ್ಲ ಆಗಾಗ ಮಾತಾಡಿಸುತ್ತಿದ್ದರು. ಹೇಗಿದೀಯ, ಕೆಲಸ ಸಿಕ್ತಾ, ನಿನಗೆ ಯಾವಾಗ ಅನುಕೂಲ ಆಗುತ್ತೋ ಆಗ ಕೊಡು, ಅವಸರ ಏನಿಲ್ಲ, ಮುಂದಿನ ವಾರ ಆಗುತ್ತಾ. ಅವಳು ಒಬ್ಬೊಬ್ಬರನ್ನೇ ಚಹಾದಂಗಡಿಗೆ ಕರೆದು ತೀರಿಸಿದ್ದಳು. ಕೊನೆಯವಳು ಲಕೋಟೆಯನ್ನು ಎಣಿಸದೆ ಚೀಲಕ್ಕೆ ಹಾಕಿಕೊಂಡು, "ಆಯ್ತಲ್ಲ ಇನ್ನು," ಎಂದಿದ್ದಳು. ಆ ಮಾತು ಎಷ್ಟು ನಿಜವಾಯಿತೆಂದರೆ ಅವರು ಆಮೇಲೆ ಭೇಟಿಯಾಗಲೇ ಇಲ್ಲ. ಚಹಾದ ದುಡ್ಡನ್ನು ಅರ್ಧರ್ಧ ಕೊಟ್ಟಿದ್ದರು.

ಫೋನು ಮುಚ್ಚಿ ಮನೆ ನೋಡಲು ಹೊರಟಳು.

ಮನೆಯ ದಲ್ಲಾಳಿ ಗೇಟಿನ ಬಳಿ ಕಾಯುತ್ತಿದ್ದ. ದಪ್ಪ ಮನುಷ್ಯ, ಅಂಗಿಯ ಜೇಬಿನಲ್ಲಿ ಬೀಗದ ಕೈಗಳು ಎದೆಬಡಿತದಂತೆ ಸದ್ದುಮಾಡುತ್ತಿದ್ದವು.

"ಬಂತಾ ಮೇಡಂ?"

"ಬಂತು. ಏಳುನೂರ ನಾಲ್ಕು."

"ಅಯ್ಯೋ ನನ್ನಮ್ಮ! ನೀವೇ ನೋಡಿ ಲಕ್ಷ್ಮಿ," ಎಂದು ಬಾಯಿತುಂಬ ನಕ್ಕ. "ಬನ್ನಿ, ಯಜಮಾನ್ತಿ ಕಾಯ್ತಾ ಇದಾರೆ. ಒಂದು ಮಾತು. ಅವರು ಹೇಳೋದಕ್ಕೆಲ್ಲ ಹೌದು ಅನ್ನಿ. ನಲ್ಲಿ ಸೋರುತ್ತೆ ಅಂತ ಈಗ್ಲೇ ಹೇಳ್ಬೇಡಿ."

"ನಲ್ಲಿ ಸೋರುತ್ತಾ?"

"ನಾನೆಲ್ಲಿ ಹಾಗಂದೆ?"

ಯಜಮಾನಿತಿ ಕೆಳಗಿನ ಮನೆಯಲ್ಲಿದ್ದಳು. ಎಪ್ಪತ್ತರ ಹೆಂಗಸು, ಮಂಡಿಗೆ ಪಟ್ಟಿ ಕಟ್ಟಿಕೊಂಡು ಕಾಲನ್ನು ಒನಕೆಯಂತೆ ಇನ್ನೊಂದು ಕುರ್ಚಿಯ ಮೇಲೆ ಒರಗಿಸಿದ್ದಳು. ಅಂಕವನ್ನು ಫೋನಿನಲ್ಲಿ ತೋರಿಸಿದಾಗ ಕನ್ನಡಕ ಏರಿಸಿ ನೋಡಿ, ಇಳಿಸಿ ಇವಳನ್ನು ನೋಡಿದಳು, ಎರಡೂ ತಾಳೆಯಾಗುತ್ತವೆಯೇ ಎಂಬಂತೆ.

"ಅಂಕಿಯೇನೋ ಸರಿಯಮ್ಮ. ಬರೀ ಅಂಕಿ ನೋಡಿ ಮನೆ ಕೊಟ್ಟು ಕೆಟ್ಟಿದೀನಿ ನಾನು. ಹೋದ ಬಾಡಿಗೆಯವನದು ಎಂಟುನೂರಿತ್ತು. ಹೋಗುವಾಗ ಬಾಗಿಲಿನ ಹಿಡಿ ಬಿಚ್ಕೊಂಡು ಹೋದ." ದಲ್ಲಾಳಿಯತ್ತ ತಿರುಗಿ, "ಇವನೇ ತಂದಿದ್ದು," ಎಂದಳು.

ದಲ್ಲಾಳಿ ಚಾವಣಿ ನೋಡಿದ.

"ನಂಗೆ ಒಬ್ಬ ಮನುಷ್ಯ ಬೇಕು," ಎಂದಳು ಯಜಮಾನಿತಿ. "ನಿನ್ನನ್ನ ಬಲ್ಲವನು. ನೆಂಟರು ಬೇಡ, ನೆಂಟರು ಸುಳ್ಳು ಹೇಳ್ತಾರೆ. ಜೊತೆ ಕೆಲಸ ಮಾಡೋರು ಬೇಡ, ಅವರಿಗೆ ಏನೂ ಗೊತ್ತಿರಲ್ಲ. ಹೊರಗಿನವರು ಯಾರಾದ್ರೂ, ನಾಕೈದು ವರ್ಷದಿಂದ ನಿನ್ನ ಬಲ್ಲವರು. ಫೋನ್ ಹಚ್ಚು, ನಾನೇ ಮಾತಾಡ್ತೀನಿ."

"ಈಗ್ಲೇನಾ?"

"ಯಾಕೆ, ಯಾರೂ ಇಲ್ವಾ?"

ಬಿಟ್ಟ ಸ್ಥಳ ತುಂಬಿರಿ. ಅವಳು ಫೋನನ್ನು ಕೈಯಲ್ಲಿ ಹಿಡಿದು ನಿಂತಳು. ಚಹಾದಂಗಡಿಯ ಗೆಳತಿಯರೆಲ್ಲ ಮತ್ತೊಮ್ಮೆ ಮೆರವಣಿಗೆ ಹೊರಟರು. ಇಷ್ಟು ದಿನದ ಮೇಲೆ ಅವಳ ಹೆಸರು ಕಂಡರೆ ಮತ್ತೆ ಸಾಲ ಕೇಳಲು ಎಂದುಕೊಂಡು ಯಾರೂ ಎತ್ತುವುದಿಲ್ಲ. ದಲ್ಲಾಳಿ ಕಣ್ಣಿನಲ್ಲೇ ಯಾರಾದರೂ ಸರಿ, ಯಾರಾದರೂ ಸರಿ ಎಂದು ಬೇಡುತ್ತಿದ್ದ. ಈ ಮನೆ ತಪ್ಪಿದರೆ ಮುಂದಿನ ತಿಂಗಳು ಅಂಕ ಏನಾಗುವುದೋ. ಸಂಜೆ ಹುಡುಗಿಯ ಮುಂದೆ ನಿಂತು ಏನು ಹೇಳುವುದೋ. ಬೆರಳು ಸರಿಯುತ್ತ ಸರಿಯುತ್ತ ಒಂದು ಹೆಸರಿನ ಮೇಲೆ ನಿಂತಿತು.

ಎತ್ತಬೇಡ.

ಅದು ಒಬ್ಬ ಮನುಷ್ಯನಿಗೆ ಅವಳು ಇಟ್ಟಿದ್ದ ಹೆಸರು. ಬ್ಯಾಂಕು ಬಿಟ್ಟಿದ್ದ ವಸೂಲಿಯವನು. ಸಾಲವಿದ್ದ ಕಾಲದಲ್ಲಿ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದ. ಎತ್ತಬೇಡ ಎಂದು ಪರದೆ ಕೂಗಿಕೊಂಡರೂ ಅವಳು ಎತ್ತುತ್ತಿದ್ದಳು. ಮೊದಮೊದಲು ಗದರುತ್ತಿದ್ದ. ಆಮೇಲೆ ಗದರಿದ ಮೇಲೆ ಊಟ ಆಯ್ತಾ ಎನ್ನುತ್ತಿದ್ದ. ಅಂಗಡಿಯ ಕಪಾಟು ಮಾರಿದ ದಿನ ಅವಳು ಅತ್ತದ್ದನ್ನು ಕೇಳಿದವನು ಅವನೊಬ್ಬನೇ. ಪೂರ್ತಿ ಕೇಳಿ, ಕಪಾಟಿಗೆ ಎಷ್ಟು ಬಂತು ಎಂದು ವಿಚಾರಿಸಿದ್ದ.

ಒತ್ತಿದಳು. ಸ್ಪೀಕರು ಹಾಕಿದಳು.

"ಹಲೋ," ಎಂದಿತು ಗದರುವುದಕ್ಕೆಂದೇ ಕಡೆದಿಟ್ಟ ದನಿ. "ಯಾರು?"

ಅವಳು ಹೇಳಿದಳು.

"ಪುಸ್ತಕದ ಮೇಡಂ! ಏನು ಮತ್ತೆ ಸಾ..."

"ಮನೆ ಬಾಡಿಗೆಗೆ ತಗೊಳ್ತಾ ಇದೀನಿ," ಎಂದಳು ಅವಸರವಾಗಿ. "ಇಲ್ಲಿ ಯಜಮಾನಿತಿಯವರು ನನ್ನ ವಿಷಯ ಕೇಳ್ಬೇಕಂತೆ. ನಿಮಗೆ ಗೊತ್ತಲ್ಲ. ಎಲ್ಲರೂ ಕೇಳಿಸ್ಕೊಳ್ತಾ ಇದಾರೆ."

ಆಚೆ ಕಡೆ ಗಂಟಲು ಸರಿಪಡಿಸಿಕೊಂಡ ಸದ್ದು. ಮತ್ತೆ ಬಂದ ದನಿ ಬೇರೆಯೇ ಇತ್ತು, ಮದುವೆಮನೆಯಲ್ಲಿ ಗಂಡಿನ ಕಡೆಯವರೊಡನೆ ಮಾತಾಡುವಂಥದು.

"ನಮಸ್ಕಾರ ಅಮ್ಮಾ. ಏನು ಕೇಳ್ಬೇಕೋ ಕೇಳಿ."

"ಇವಳು ನಿಂಗೆ ಎಷ್ಟು ದಿನದಿಂದ ಗೊತ್ತಪ್ಪ?" ಎಂದು ಯಜಮಾನಿತಿ ಫೋನನ್ನು ಕೈಗೆ ತೆಗೆದುಕೊಂಡಳು.

"ಐದು ವರ್ಷ ಆಯ್ತಮ್ಮ. ಅದರಲ್ಲಿ ಮೂರು ವರ್ಷ ಒಂದು ದಿನ ಬಿಡದೆ ಮಾತಾಡಿದೀವಿ."

ಯಜಮಾನಿತಿಯ ಹುಬ್ಬು ಏರಿತು. "ದಿನಾನಾ?"

"ದಿನಾ. ಹಬ್ಬ ಇರ್ಲಿ, ಭಾನುವಾರ ಇರ್ಲಿ. ನಮ್ಮನೆಯವಳ ಜೊತೆನೂ ನಾನಷ್ಟು ಮಾತಾಡಿಲ್ಲ."

"ಹೆಂಗೆ ಇವಳು?"

"ಬಂಗಾರ. ನನ್ನ ಕಸುಬಲ್ಲಿ ದಿನಕ್ಕೆ ಎಷ್ಟೋ ಜನಕ್ಕೆ ಫೋನ್ ಮಾಡ್ತೀನಮ್ಮ. ಒಬ್ಬ ಸತ್ತೋಗಿದೀನಿ ಅಂತ ತಾನೇ ಹೇಳಿ ಇಡ್ತಾನೆ. ಇವರು ನೂರಾ ಎರಡು ಜ್ವರ ಇದ್ರೂ ಎತ್ತಿ ಮಾತಾಡಿದವರು. ಕೊಡ್ತೀನಿ ಅಂದಿದ್ದನ್ನ ಕೊಟ್ಟವರು. ಆಸೆಬುರುಕತನ ಇಲ್ಲ, ಗಲಾಟೆ ಇಲ್ಲ. ಮನೆಗೆ ಯಾರೂ ಬರೋರಿಲ್ಲ. ಬಂದ್ರೆ ನಮ್ಮವರೇ ಬರ್ಬೇಕಿತ್ತು."

"ನೀನೇನು ಮಾಡ್ಕೊಂಡಿದೀಯಪ್ಪ?"

"ನಾನಾ? ಹಣಕಾಸಿನ ಕಡೆ ಇದೀನಿ. ಜನರ ಜೊತೆ ಸಂಪರ್ಕ."

ಯಜಮಾನಿತಿ ಫೋನನ್ನು ಹಿಂದಿರುಗಿಸುತ್ತ ಅವಳ ಕೈಯನ್ನು ಒಮ್ಮೆ ಒತ್ತಿದಳು. "ಈ ಕಾಲದಲ್ಲಿ ಇಂಥ ಸ್ನೇಹ ಎಲ್ಲಿ ಸಿಗುತ್ತೆ? ಕಳ್ಕೋಬೇಡ," ಎಂದಳು. ದಲ್ಲಾಳಿಗೆ, "ಕೀ ಕೊಡೋ," ಎಂದಳು.

ದಲ್ಲಾಳಿ ಕಾಗದಪತ್ರಕ್ಕೆ ಒಳಹೋದಾಗ ಅವಳು ಮೆಟ್ಟಿಲಿಗೆ ಬಂದು ಅದೇ ನಂಬರನ್ನು ಇನ್ನೊಮ್ಮೆ ಒತ್ತಿದಳು. ಧನ್ಯವಾದ ಹೇಳಲು ಎಂದುಕೊಂಡಳು. ಅದಕ್ಕಿಂತ ಹೆಚ್ಚಾಗಿ, ಏಳುನೂರ ನಾಲ್ಕು ಎಂದು ಹೇಳಲು.

"ಏನು ಮೇಡಂ?" ದನಿ ಮತ್ತೆ ಆಫೀಸಿನದು.

"ಥ್ಯಾಂಕ್ಸ್ ಹೇಳೋಣ ಅಂತ."

"ಇರ್ಲಿ ಬಿಡಿ."

"ನನ್ನ ಸ್ಕೋರು ಏಳುನೂರು ದಾಟ್ತು ಇವತ್ತು."

"ಒಳ್ಳೇದಾಯ್ತು."

"ಊಟ ಆಯ್ತಾ ನಿಮ್ದು?"

ಹಿನ್ನೆಲೆಯಲ್ಲಿ ಹತ್ತಾರು ದನಿಗಳು ಹತ್ತಾರು ಜನರನ್ನು ಗದರುತ್ತಿದ್ದವು, ಊಟ ಕೇಳುತ್ತಿದ್ದವು.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದ ದನಿ ತಗ್ಗಿಸಿ. "ಈ ಫೋನು ಆಫೀಸಿಂದು. ಎಲ್ಲಾ ರೆಕಾರ್ಡ್ ಆಗುತ್ತೆ. ನಿಮ್ಮ ಖಾತೆ ಮುಚ್ಚಿ ಎರಡು ವರ್ಷ ಆಯ್ತು. ಬಾಕಿ ಇಲ್ಲದವರ ಜೊತೆ ಯಾಕೆ ಮಾತು ಅಂತ ಮೇಲಿನವರು ಕೇಳ್ತಾರೆ. ಆಗ್ಲೇ ನಿಮ್ಮಿಂದ ಒಂದು ಕಾಲ್ ಜಾಸ್ತಿ ಆಯ್ತು."

"ಸರಿ. ಇಡ್ತೀನಿ."

"ಚೆನ್ನಾಗಿರಿ ಮೇಡಂ. ನಾನು ನಿಮಗೆ ಯಾವತ್ತೂ ಫೋನ್ ಮಾಡೋ ಹಾಗಾಗ್ದೇ ಇರ್ಲಿ."

ಅವಳಿಗೆ ಬದುಕಿನಲ್ಲಿ ಸಿಕ್ಕ ಅತ್ಯಂತ ಪ್ರಾಮಾಣಿಕ ಆಶೀರ್ವಾದ ಅದೇ ಇರಬೇಕು. ಕೈ ಫೋನು ಹಿಡಿದ ಭಂಗಿಯಲ್ಲೇ ಕಿವಿಯ ಬಳಿ ಸ್ವಲ್ಪ ಹೊತ್ತು ಉಳಿಯಿತು.

ದಲ್ಲಾಳಿ ಕಾಗದ ತಂದ. ಸಹಿ ಹಾಕಿದಳು. ಮುಂಗಡ ಕಳಿಸಿದಳು. ಅವನ ಕಮಿಷನ್ನು ಕೊಟ್ಟಳು. ಅವನು ಅದನ್ನು ಹಣೆಗೊತ್ತಿಕೊಂಡ. ನಿಂತಲ್ಲೇ ಈ ತಿಂಗಳ ಬಿಲ್ಲನ್ನೂ ಕಟ್ಟಿದಳು. ಬ್ಯಾಂಕು ತಕ್ಷಣ ಅವಳನ್ನು ಹೊಗಳಿ ಸಂದೇಶ ಕಳಿಸಿತು: ನಿಮ್ಮ ಬಾಕಿ ಸೊನ್ನೆ. ಅಕ್ಕನ ಮಗಳಿಗೆ ಬರೆದಳು: ಮನೆ ಸಿಕ್ಕಿತು. ಕೋಣೆ ನಿನ್ನದು.

ಉತ್ತರ ಅರೆಗಳಿಗೆಯಲ್ಲಿ ಬಂತು. ಕುಣಿಯುವ ಬೆಕ್ಕಿನ ಚಿತ್ರ. ಅದರ ಹಿಂದೆಯೇ: ಇಸ್ತ್ರಿಪೆಟ್ಟಿಗೆ ತಗೊಂಡು ಹೋಗ್ತೀಯಾ ಬಿಟ್ಟು ಹೋಗ್ತೀಯಾ? ಅದರ ಹಿಂದೆ, ಸ್ವಲ್ಪ ತಡವಾಗಿ: ಅಮ್ಮ ಅಳ್ತಾ ಇದಾಳೆ. ಪೇಂಟಿನವನಿಗೂ ಫೋನ್ ಮಾಡ್ತಾ ಇದಾಳೆ.

ಮನೆ ಮೇಲಿನ ಮಹಡಿಯಲ್ಲಿ. ದಲ್ಲಾಳಿ ಬೀಗ ತೆಗೆದ. ಬಾಗಿಲಿಗೆ ಹಿಡಿಯಿಲ್ಲದ್ದರಿಂದ ಭುಜದಿಂದ ನೂಕಿದ. ಎರಡು ಕೋಣೆ, ಒಂದು ಅಡಿಗೆಮನೆ. ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಹಿಂದೆ ಇದ್ದವರ ಒಂದು ಮೊಳೆಯೂ ಉಳಿದಿರಲಿಲ್ಲ. ಅಡಿಗೆಮನೆಯಲ್ಲಿ ನಲ್ಲಿ ಸೋರುತ್ತಿತ್ತು.

"ಈಗ ಹೇಳ್ಬಹುದು," ಎಂದ ದಲ್ಲಾಳಿ.

"ಪರವಾಗಿಲ್ಲ."

ಅವನು ಬಾಗಿಲ ಹಿಂದಿದ್ದ ಮರದ ಹಲಗೆಯ ಮೇಲಿನ ದೊಡ್ಡ ಸ್ವಿಚ್ಚನ್ನು ಮೇಲಕ್ಕೆ ತಳ್ಳಿದ. "ಕರೆಂಟು ನಿಮ್ಮ ಲೆಕ್ಕಕ್ಕೆ ಇವತ್ತಿಂದ ಶುರು ಮೇಡಂ," ಎಂದು ಕೀಲಿಯನ್ನು ಅವಳ ಅಂಗೈಗೆ ಹಾಕಿ, ಜೇಬಿನ ಉಳಿದ ಬೀಗದ ಕೈಗಳನ್ನು ಕುಣಿಸುತ್ತ ಮೆ‌ಟ್ಟಿಲಿಳಿದು ಹೋದ.

ಅವಳು ಎರಡೂ ಕೋಣೆಗಳಲ್ಲಿ ನಡೆದಳು. ಒಂದರ ನಡುವೆ ಕಾಲು ನೀಡಿ ಮಲಗಿ ನೋಡಿದಳು. ಪಾದಗಳು ಎಲ್ಲಿಯೂ ಮುಗಿಯಲಿಲ್ಲ. ಎದ್ದು ಕೂತಳು. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಎದುರು ಕಟ್ಟಡದ ಬಾಲ್ಕನಿಯಲ್ಲಿ ಯಾರೋ ಬಟ್ಟೆ ಕೊಡವಿ ಒಳಹೋದರು. ಫೋನು ಅಂಗೈಯಲ್ಲಿ ಸುಮ್ಮನಿತ್ತು.

ಎಲ್ಲಿಂದಲೋ ಒಂದು ಸಣ್ಣ ಗುಂಯ್‌ಗುಡುವ ಸದ್ದು ಬಂದಂತಾಯಿತು. ಹುಡುಕಿಕೊಂಡು ಬಾಗಿಲ ಹಿಂದಕ್ಕೆ ಬಂದಳು. ಹಲಗೆಯ ಮೇಲೆ ಒಂದು ಹಳೆಯ ಮೀಟರು. ಗಾಜಿನ ಹಿಂದೆ ಅಲ್ಯೂಮಿನಿಯಮ್ಮಿನ ಒಂದು ತೆಳು ಬಿಲ್ಲೆ ಅಡ್ಡಲಾಗಿ ನಿಂತಿತ್ತು. ನಿಂತಿದೆಯೋ ತಿರುಗುತ್ತಿದೆಯೋ ತಿಳಿಯಲಿಲ್ಲ. ಮುಖ ಹತ್ತಿರ ತಂದಳು. ನಿಂತಿತ್ತು.

ಗೋಡೆಯ ಮೇಲಿನ ಒಂದು ಸ್ವಿಚ್ಚು ಹಾಕಿದಳು. ತಲೆಯ ಮೇಲೆ ಬಲ್ಬು ಹೊತ್ತಿತು. ಬಿಲ್ಲೆ ಹಿಂಜರಿದು, ಹೊರಳಿ, ಬಲು ನಿಧಾನವಾಗಿ ಚಲಿಸತೊಡಗಿತು. ಅದರ ಅಂಚಿನಲ್ಲಿ ಒಂದು ಕಪ್ಪು ಗುರುತಿತ್ತು. ಗುರುತು ಬಲದಲ್ಲಿ ಮರೆಯಾಗಿ, ಅವಳು ಉಸಿರು ಹಿಡಿದು ಕಾಯುವಷ್ಟು ಕಾಯಿಸಿ, ಎಡದಿಂದ ಮತ್ತೆ ಬಂತು. ಬಂದಾಗ ಅವಳು ಅರಿವಿಲ್ಲದೆ ತಲೆಯಾಡಿಸಿದಳು, ಪರಿಚಯದವರು ಎದುರಾದಾಗ ಆಡಿಸುವಂತೆ.

ಒಳಗೆ ಹೋಗಿ ಇನ್ನೊಂದು ದೀಪ ಹಾಕಿ ಬಂದಳು. ಬಿಲ್ಲೆ ಚುರುಕಾಯಿತು, ಅವಳ ಲೆಕ್ಕಕ್ಕೆ ಬಾಕಿ ಏರತೊಡಗಿತು. ಅಡಿಗೆಮನೆಯದು, ಬಚ್ಚಲಿನದು, ಎರಡೂ ಕೋಣೆಯ ಫ್ಯಾನುಗಳು. ಹಾಡುಹಗಲಿನಲ್ಲಿ ಮನೆಯೆಲ್ಲ ದೀಪ ಉರಿಯಿತು, ಖಾಲಿ ನೆಲದ ಮೇಲೆ ಗಾಳಿ ಸುತ್ತಿತು. ಅವಳು ಬಾಗಿಲು ಹಾಕಿ, ಮೀಟರಿನ ಎದುರು ನೆಲದ ಮೇಲೆ ಕೂತು, ಮೊಣಕಾಲಿಗೆ ಕೈಕಟ್ಟಿಕೊಂಡಳು.

ಕಪ್ಪು ಗುರುತು ಹೋಗುತ್ತಿತ್ತು, ಬರುತ್ತಿತ್ತು, ಈಗ ಹೆಚ್ಚು ಕಾಯಿಸದೆ ಬೇಗ ಬೇಗ ಬರುತ್ತಿತ್ತು.